ಅಳೆದು ಕೊಳ್ಳೋಣ

'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂದು ಹಿರಿಯರು ನಮಗೆ ಆಗಾಗ ಬುದ್ಧಿ ಹೇಳುತ್ತಾರೆ. ಆದರೆ ಹಾಸಿಗೆಯನ್ನೇ ಅಳೆಯದಿದ್ದರೆ ಕಾಲು ಎಷ್ಟು ಚಾಚಬಹುದೆಂದು ತಿಳಿಯುವುದು ಹೇಗೆ? ನಮ್ಮ ಶಾಲೆಯ ಗಣಕಯಂತ್ರ ಕೊಠಡಿಯ ವಿಷಯದಲ್ಲಿ ಈ ಪ್ರಶ್ನೆ ಎದ್ದಿದೆ.

ಎಲ್ಲ ತರಗತಿಗಳ ಪಾಠಗಳೂ ಅಭ್ಯಾಸಗಳೂ ಅಲ್ಲಿನ ಒಂದೇ ಸರ್ವರಿನಲ್ಲಿವೆ. ಗಂಟೆ ಬಾರಿಸಿದೊಡನೆ ನಾವೆಲ್ಲರೂ ಒಮ್ಮೆಲೇ ನಮ್ಮ ನಮ್ಮ ಕಡತಗಳನ್ನು ತೆರೆಯುತ್ತೇವೆ. ಮೊದಲ ಹತ್ತು ನಿಮಿಷ ಕಾಯುವುದರಲ್ಲೇ ಕಳೆದುಹೋಗುತ್ತದೆ. ವಾರಕ್ಕೆ ಸಿಗುವ ಕೆಲವೇ ಪೀರಿಯಡುಗಳಲ್ಲಿ ಇದು ಸಣ್ಣ ನಷ್ಟವಲ್ಲ. 'ಇನ್ನೂ ದೊಡ್ಡ ಡಿಸ್ಕ್ ತಂದರಾಯಿತು' ಎಂಬ ಸಲಹೆ ಬಂದಿದೆ. ಸಲಹೆಯ ಹಿಂದಿರುವ ಪ್ರೀತಿಗೆ ನಾವು ಋಣಿಗಳು. ಆದರೆ ಸಲಹೆಯನ್ನು ಒಪ್ಪಲಾರೆವು.

ಬಾವಿಯಲ್ಲಿ ನೀರು ತುಂಬಿರಬಹುದು. ರಾಟೆ ಒಂದೇ ಇದ್ದರೆ ಇಪ್ಪತ್ತು ಮಂದಿ ಸರತಿಯಲ್ಲಿ ನಿಲ್ಲಲೇಬೇಕು. ಬಾವಿಯನ್ನು ಇನ್ನಷ್ಟು ಆಳ ಮಾಡಿದರೆ ಸರತಿ ಕರಗುವುದೇ? ಡಿಸ್ಕಿನ ಗಾತ್ರ ಬೇರೆ, ವೇಗ ಬೇರೆ. 1956ರಲ್ಲಿ ಐ.ಬಿ.ಎಂ. ಹೊರತಂದ ಮೊದಲ ಹಾರ್ಡ್ ಡಿಸ್ಕಿನಲ್ಲಿ ಹಿಡಿಯುತ್ತಿದ್ದುದು ಸುಮಾರು 50 ಲಕ್ಷ ಅಕ್ಷರಗಳು. ಅದರ ತಟ್ಟೆಗಳು ನಿಮಿಷಕ್ಕೆ 1,200 ಸುತ್ತು ತಿರುಗುತ್ತಿದ್ದವು. ಇಂದು 20 ಟೆರಾಬೈಟಿನ ಡಿಸ್ಕ್ ಅದರ 40 ಲಕ್ಷ ಪಟ್ಟು ಹಿಡಿಯುತ್ತದೆ. ಆದರೆ ಸಾಮಾನ್ಯವಾಗಿ ತಿರುಗುವುದು ನಿಮಿಷಕ್ಕೆ 7,200 ಸುತ್ತು, ಅಂದರೆ ಆರೇ ಪಟ್ಟು! ಬೇಕಾದ ಜಾಗ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಎಂದರೆ 4 ಮಿಲಿಸೆಕೆಂಡು ಬೇಕು. ಮುಳ್ಳು ಆ ಸಾಲಿಗೆ ಸರಿಯಲು ಸುಮಾರು 8 ಮಿಲಿಸೆಕೆಂಡು. ಹೀಗೆ ಚದುರಿದ ಬೇಡಿಕೆಗಳನ್ನು ಸೆಕೆಂಡಿಗೆ ಎಂಬತ್ತರಷ್ಟು ಮಾತ್ರ ಪೂರೈಸಲು ಸಾಧ್ಯ. ತಟ್ಟೆಯೇ ಇಲ್ಲದ ಎಸ್.ಎಸ್.ಡಿ. ಇಂತಹ ಬೇಡಿಕೆಗಳನ್ನು ಸೆಕೆಂಡಿಗೆ ಸಾವಿರಾರು ಪೂರೈಸುತ್ತದೆ.

ಊಹೆಯಿಂದ ಮಾತಾಡಬಾರದೆಂದು ಗುರುಗಳ ಅನುಮತಿ ಪಡೆದು ಒಂದು ವಾರ ಅಳೆದೆವು. ಲಿನಕ್ಸಿನ 'ಐಓಸ್ಟಾಟ್' ಎಂಬ ಉಪಕರಣ ಡಿಸ್ಕ್ ಎಷ್ಟು ಹೊತ್ತು ದುಡಿಯಿತು, ಬೇಡಿಕೆಗಳು ಎಷ್ಟು ಕಾದವು ಎಂಬುದನ್ನು ತೋರಿಸುತ್ತದೆ. ದಿನದ ಸರಾಸರಿ ನೋಡಿದರೆ ಡಿಸ್ಕ್ ಬಹುಪಾಲು ವಿಶ್ರಾಂತಿಯಲ್ಲಿತ್ತು. ಪೀರಿಯಡಿನ ಆರಂಭದಲ್ಲಿ ಮಾತ್ರ ಅದರ ದುಡಿಮೆ ಶೇಕಡಾ ನೂರರ ಸಮೀಪ! ಜಾಗವಾದರೋ ಅರ್ಧದಷ್ಟು ಖಾಲಿ. ಮೆಮೊರಿ ಸಾಲದೆ ಡಿಸ್ಕಿಗೆ ಭಾರ ಬೀಳುವುದೂ ಉಂಟು, ಅದನ್ನೂ ಪರೀಕ್ಷಿಸಿದೆವು. ಕೊರತೆ ಅಲ್ಲಿರಲಿಲ್ಲ.

ಸರಾಸರಿಯನ್ನು ನಂಬಿದರೆ ಮೋಸ ಹೋಗುತ್ತೇವೆ. 1909ರಲ್ಲಿ ಡೆನ್ಮಾರ್ಕಿನ ಎರ್ಲಾಂಗ್ ದೂರವಾಣಿ ಕರೆಗಳಿಗಾಗಿ ಆರಂಭಿಸಿದ ಸರತಿಯ ಗಣಿತ ಇಂದು ಈ ಲೆಕ್ಕಕ್ಕೂ ಆಧಾರ. ಅದರ ಒಂದು ಸರಳ ಸೂತ್ರದಂತೆ, ಯಂತ್ರ ಶೇಕಡಾ 50 ದುಡಿಯುವಾಗ ಕೆಲಸ ಮುಗಿಯಲು ಎರಡು ಪಟ್ಟು ಹೊತ್ತು ಹಿಡಿದರೆ, ಶೇಕಡಾ 90 ದುಡಿಯುವಾಗ ಹತ್ತು ಪಟ್ಟು ಹಿಡಿಯುತ್ತದೆ. ಆದ್ದರಿಂದ ಜನಸಂದಣಿಯ ಹೊತ್ತಿನಲ್ಲೇ ಅಳೆಯಬೇಕು. ಮುಂದಿನ ವರ್ಷಗಳ ಮಕ್ಕಳಿಗಾಗಿ ಸ್ವಲ್ಪ ಬಿಡುವನ್ನೂ ಇಟ್ಟುಕೊಳ್ಳಬೇಕು.

ರಕ್ಷಕ-ಶಿಕ್ಷಕ ಸಂಘದ ಹಿರಿಯರಲ್ಲಿ ನಮ್ಮ ಬಿನ್ನಹವಿಷ್ಟೆ: ದೊಡ್ಡ ಡಿಸ್ಕ್ ಬೇಡ, ಚಿಕ್ಕದಾದರೂ ಚುರುಕಾದ ಎಸ್.ಎಸ್.ಡಿ. ಸಾಕು. ತಂದ ಮೇಲೆ ಮತ್ತೊಮ್ಮೆ ಅಳೆಯುತ್ತೇವೆ. ನಮ್ಮ ಲೆಕ್ಕ ತಪ್ಪಿದ್ದರೆ ಮುಂದಿನ ಸಂಚಿಕೆಯಲ್ಲಿ ಒಪ್ಪಿಕೊಳ್ಳಲೂ ಸಿದ್ಧರಿದ್ದೇವೆ.