ಮೊಬೈಲಿನ ರೇಡಿಯೋ ರೇಡಿಯೋವೇ?

“ಸರ್, ಈಗ ರೇಡಿಯೋ ಯಾಕ ಬೇಕ್ರಿ? ಎಲ್ಲಾ ಮೊಬೈಲಿನ್ಯಾಗ ಬರ್ತದಲ್ರಿ” ಎಂದು ನನ್ನ ಹಳೆಯ ವಿದ್ಯಾರ್ಥಿಗಳು ಆಗಾಗ ಹೇಳುವುದುಂಟು. ಹೇಳುವವರು ಬಹುಮಟ್ಟಿಗೆ ಬೆಂಗಳೂರು, ಪುಣೆಗಳಲ್ಲಿ ನೆಲೆಸಿದವರು. ಗೋಕಾಕ ಫಾಲ್ಸಿನಲ್ಲಿ ಕುಳಿತು ಕೇಳುವ ನಾನು ಈ ಮಾತನ್ನು ಒಪ್ಪಲಾರೆ. ಬರುತ್ತದೆ, ನಿಜ, ನಡುವೆ ನಿಲ್ಲುತ್ತದೆ, ಮತ್ತೆ ಬರುತ್ತದೆ. ಪೇಟೆ ಧಾರಣೆಯಲ್ಲಿ ಗೋವಿನಜೋಳದ ಹೆಸರು ಕೇಳಿಸಿ ದರ ಕೇಳಿಸದೆ ಹೋದರೆ ರೈತನಿಗೆ ಅದರಿಂದಾಗುವ ಉಪಕಾರವೇನು?

1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯನ್ನು 765 ಕಿಲೋಹರ್ಟ್ಜ್ ಮಧ್ಯಮ ತರಂಗದಲ್ಲಿ ಕೇಳುತ್ತ ಬೆಳೆದವರು ನಾವು. ಆ ತರಂಗದ ಉದ್ದ ಸುಮಾರು 392 ಮೀಟರ್. 80 ಕಿಲೋಮೀಟರಿಗೂ ಆಚೆಯಿಂದ ಹೊರಟು, ಗುಡ್ಡಗಳನ್ನು ಬಳಸಿಕೊಂಡು, ಘಟಪ್ರಭೆಯ ಕಣಿವೆಗೂ ಅದು ಇಳಿದು ಬರುತ್ತಿತ್ತು. 4ಜಿಯ 1800 ಮೆಗಾಹರ್ಟ್ಜ್ ತರಂಗವಾದರೋ ಒಂದು ಗೇಣಿಗಿಂತ ಚಿಕ್ಕದು; ಬಂಡೆ ಅಡ್ಡ ಬಂದರೆ ಸೋಲುತ್ತದೆ. ಇದಕ್ಕಿಂತ ದೊಡ್ಡ ಭೇದ ಇನ್ನೊಂದಿದೆ. ರೇಡಿಯೋದಲ್ಲಿ ಕೇಳುಗ ಒಬ್ಬನಿರಲಿ, ಲಕ್ಷ ಜನರಿರಲಿ, ಹೊರಡುವ ತರಂಗ ಒಂದೇ. ಸ್ಟ್ರೀಮಿಂಗಿನಲ್ಲಿ ಸಾಮಾನ್ಯವಾಗಿ ಪ್ರತಿಯೊಬ್ಬನಿಗೂ ಬೇರೆ ಬೇರೆ ಪ್ರತಿ ಹೊರಡಬೇಕು. ಮಳೆಗಾಲದ ಭಾನುವಾರ ಜಲಪಾತ ನೋಡಲು ಬಂದವರೆಲ್ಲ ಏಕಕಾಲಕ್ಕೆ ವಿಡಿಯೋ ಕಳಿಸತೊಡಗಿದರೆ, ಅದೇ ಟವರನ್ನು ನಂಬಿದ ವಾರ್ತೆಯ ಧ್ವನಿಯೂ ಅದೇ ಸರದಿಯಲ್ಲಿ ನಿಲ್ಲಬೇಕಾಗುತ್ತದೆ.

ಹಾಗೆಂದು “ನೆಟ್‌ವರ್ಕ್ ಸರಿಯಿಲ್ಲ” ಎಂದು ಕೈ ತೊಳೆದುಕೊಳ್ಳುವವರ ಪಕ್ಷ ನನ್ನದಲ್ಲ. ಧ್ವನಿ ಬೇಡುವುದು ಬಲು ಸ್ವಲ್ಪ. ಸೆಕೆಂಡಿಗೆ 64 ಕಿಲೋಬಿಟ್‌ನಂತೆ ಕಳಿಸಿದರೂ ಒಂದು ಗಂಟೆಗೆ 28.8 ಮೆಗಾಬೈಟ್ ಮಾತ್ರ. 2012ರಲ್ಲಿ ಅಂತರ್ಜಾಲದ ಮಾನಕವಾದ ಓಪಸ್ ಎಂಬ ಸಂಕೇತ ವಿಧಾನದಲ್ಲಿ 24 ಕಿಲೋಬಿಟ್ ಸಾಕು, ಮಾತು ಸ್ಪಷ್ಟವಾಗಿರುತ್ತದೆ. ಗಂಟೆಗೆ 11 ಮೆಗಾಬೈಟೂ ಆಗದು. ಒಂದೇ ಕಾರ್ಯಕ್ರಮವನ್ನು ಮೂರು ನಾಲ್ಕು ದರಗಳಲ್ಲಿ ಸಣ್ಣ ಸಣ್ಣ ತುಂಡುಗಳಾಗಿ ಸಿದ್ಧವಿಟ್ಟು, ಸಂಪರ್ಕ ಕುಗ್ಗಿದಾಗ ಕಡಿಮೆ ದರದ್ದಕ್ಕೆ ತಾನಾಗಿ ಇಳಿಯುವ ಕ್ರಮವನ್ನು ಆ್ಯಪಲ್ ಸಂಸ್ಥೆ 2009ರಲ್ಲಿಯೇ ಬಳಕೆಗೆ ತಂದಿತು. ವಿದ್ಯೆ ಇದೆ. ಆದರೂ ಎಲ್ಲರಿಗೂ ಒಂದೇ ಭಾರದ ಮೂಟೆ ಹೊರಿಸುವುದೇಕೆ?

ಇನ್ನು ಬಫರ್ ಎಂಬ ಉಗ್ರಾಣ. ಕೇಳಿಸುವ ಮೊದಲೇ ಮೂವತ್ತು ಸೆಕೆಂಡಿನ ಧ್ವನಿಯನ್ನು ಫೋನು ಕೂಡಿಟ್ಟುಕೊಂಡಿದ್ದರೆ, ರೈಲಿನಲ್ಲಿ ಒಂದು ಟವರಿನಿಂದ ಇನ್ನೊಂದಕ್ಕೆ ಹೊರಳುವಾಗಿನ ಸಣ್ಣ ವಿಚ್ಛೇದ ಕಿವಿಗೆ ತಾಕುವುದೇ ಇಲ್ಲ. ಆದರೆ “ನೇರ ಪ್ರಸಾರ” ಎಂಬ ಅಭಿಮಾನಕ್ಕಾಗಿ ಉಗ್ರಾಣವನ್ನು ಎರಡು ಮೂರು ಸೆಕೆಂಡಿಗೆ ಇಳಿಸುವವರಿದ್ದಾರೆ. ಕ್ರಿಕೆಟ್ ವೀಕ್ಷಕ ವಿವರಣೆಯಲ್ಲಿ ವಿಳಂಬವಾದರೆ ವಿಕೆಟ್ ಬಿದ್ದದ್ದು ನೆರೆಮನೆಯ ಕೂಗಿನಿಂದಲೇ ತಿಳಿಯುತ್ತದೆ, ಒಪ್ಪಿದೆ. (ಆಕಾಶವಾಣಿಗೆ ಗಡಿಯಾರ ಹೊಂದಿಸುತ್ತಿದ್ದ ನನ್ನಂಥವರಿಗೂ ಸ್ವಲ್ಪ ಕಸಿವಿಸಿಯೇ.) ಕೃಷಿರಂಗಕ್ಕೂ ವಚನ ಗಾಯನಕ್ಕೂ ಅರ್ಧ ನಿಮಿಷ ತಡವಾದರೆ ಹೋಗುವುದೇನು? ಆಯ್ಕೆಯನ್ನು ಕೇಳುಗನಿಗೆ ಬಿಡಿ.

ಉಗ್ರಾಣಕ್ಕೂ ಮಿತಿಯಿದೆ. 2019ರ ಆಗಸ್ಟಿನ ಮಹಾಪೂರವನ್ನು ಗೋಕಾಕದವರು ಮರೆಯಲಾರರು. ಅಂಥ ದಿನಗಳಲ್ಲಿ ಕರೆಂಟು ಹೋಗಿ ಟವರಿನ ಬ್ಯಾಟರಿ ಬರಿದಾದರೆ ಯಾವ ಜಾಣ ಆ್ಯಪೂ ಮಾತನಾಡದು. ದೂರದ ಪ್ರಸಾರ ಕೇಂದ್ರ ನಡೆಯುತ್ತಿರುವ ತನಕ ಎರಡು ಸೆಲ್ಲಿನ ಟ್ರಾನ್ಸಿಸ್ಟರ್ ಮಾತನಾಡುತ್ತದೆ. ದೇಶದಲ್ಲಿ ಮಧ್ಯಮ ತರಂಗದ ಪ್ರಸಾರಕಗಳು ಒಂದೊಂದಾಗಿ ಮುಚ್ಚುತ್ತಿರುವ ಈ ಕಾಲದಲ್ಲಿ, “ಆ್ಯಪ್ ಇದೆಯಲ್ಲ” ಎಂಬುದನ್ನು ಅದಕ್ಕೆ ಸಮರ್ಥನೆಯಾಗಿ ನಾನು ಸ್ವೀಕರಿಸುವುದಿಲ್ಲ. ವಿಪತ್ತಿನ ವೇಳೆಯ ಉಪಯೋಗವನ್ನು ನೆನೆದೇ 2023ರಲ್ಲಿ ಕೇಂದ್ರ ಸರ್ಕಾರ, ಫೋನುಗಳಲ್ಲಿ ಎಫ್‌ಎಂ ರೇಡಿಯೋವನ್ನು ಉಳಿಸಿರೆಂದು ತಯಾರಕರಿಗೆ ಸಲಹೆ ನೀಡಿತು. ಆದರೆ ಫೋನಿನ ಎಫ್‌ಎಂಗೆ ಸಾಮಾನ್ಯವಾಗಿ ಇಯರ್‌ಫೋನಿನ ತಂತಿಯೇ ಆಂಟೆನಾ. ಈಗಿನ ಎಷ್ಟೋ ಫೋನುಗಳಲ್ಲಿ ಆ ತಂತಿ ಸಿಕ್ಕಿಸುವ ರಂಧ್ರವೇ ಇಲ್ಲ!

ನಿಮ್ಮಲ್ಲಿ ತಂತ್ರಾಂಶ ಬರೆಯುವವರು ಅನೇಕರಿದ್ದೀರಿ. ನಿಮ್ಮ ಆ್ಯಪನ್ನು ಕಚೇರಿಯ ವೈಫೈನಲ್ಲಿ ಪರೀಕ್ಷಿಸಿ ತೇರ್ಗಡೆ ಮಾಡಬೇಡಿ. ಬೆಳಗಾವಿಯಲ್ಲಿ ರೈಲು ಹತ್ತಿ, ಪಾಶ್ಚಾಪುರ ದಾಟಿ ಗೋಕಾಕ ರೋಡ್ ಬರುವ ತನಕ ಕೇಳುತ್ತ ಬನ್ನಿ. ಅಲ್ಲಿಂದ ಫಾಲ್ಸಿಗೆ ಬಂದು, ಜನಜಂಗುಳಿಯ ಒಂದು ಭಾನುವಾರ, ನೀರಿನ ಸದ್ದಿನಿಂದ ತುಸು ದೂರ ನಿಂತು ಮತ್ತೆ ಕೇಳಿ. ಎಷ್ಟು ಸಲ ನಿಂತಿತೆಂದು ಬರೆದುಕೊಂಡು, ಹಾಗೆಯೇ ನಮ್ಮ ಮನೆಗೆ ಊಟಕ್ಕೆ ಬನ್ನಿ.