ಉಮ್ಮನ ಮತ ಉಮ್ಮನದ್ದೇ

ಕಳೆದ ಲೋಕಸಭಾ ಚುನಾವಣೆಯಲ್ಲಿ ನಮ್ಮ ನೆರೆಮನೆಗೆ ಚುನಾವಣಾ ಸಿಬ್ಬಂದಿಯೇ ಬಂದಿದ್ದರು. ಹಾಸಿಗೆ ಹಿಡಿದಿದ್ದ ವೃದ್ಧ ಉಮ್ಮ ಮತ ಹಾಕಬೇಕಿತ್ತು. ಅಧಿಕಾರಿಗಳು, ಪೊಲೀಸ್, ವಿಡಿಯೋದವರು ಸಾಲದೆಂಬಂತೆ ಮಕ್ಕಳು, ಸೊಸೆಯಂದಿರು, ನೋಡಲು ಬಂದ ನೆರೆಕರೆಯವರು. ಅದರಲ್ಲಿ ನಾವೂ ಇದ್ದೆವು. ಹಿರಿಮಗ ಉಮ್ಮನ ಕೈಯಿಂದ ಪೆನ್ನು ತೆಗೆದು, "ನಾನೇ ಹಾಕ್ತೇನೆ, ಅವರಿಗೇನು ಗೊತ್ತಾಗ್ತದೆ" ಅಂದ. ಅಧಿಕಾರಿ ಒಪ್ಪಲಿಲ್ಲ, ನಮ್ಮನ್ನೆಲ್ಲ ಹೊರಗೆ ಕಳಿಸಿದರು. ಸ್ವಲ್ಪ ಮುಜುಗರ ಆಯ್ತು, ನಿಜ. ಆದರೆ ಉಮ್ಮನಿಗೆ ಕೈ ನಡುಗುತ್ತಿತ್ತೇ ಹೊರತು ತಲೆ ಸರಿಯಾಗಿಯೇ ಇತ್ತು.

ಮನೆಯಿಂದಲೇ ಮತ ಹಾಕುವ ಈ ಸೌಕರ್ಯ ನಮ್ಮ ರಾಜ್ಯದಲ್ಲಿ 2023ರ ವಿಧಾನಸಭಾ ಚುನಾವಣೆಗೆ ಬಂತು. ಆಗ 80 ದಾಟಿದವರಿಗಿತ್ತು, 2024ರಲ್ಲಿ ಅದನ್ನು 85ಕ್ಕೆ ಏರಿಸಿದರು. ಶೇ. 40ರಷ್ಟಾದರೂ ಅಂಗವೈಕಲ್ಯ ಇರುವವರಿಗೂ ಉಂಟು. 12ಡಿ ಅರ್ಜಿ ಕೊಟ್ಟರೆ ಆಯ್ತು. ಲೆಕ್ಕದಲ್ಲಿ ಇದು ಅಂಚೆ ಮತವೇ.

"ಲಕೋಟೆ ಒಡೆದಾಗ ಯಾರಿಗೆ ಹಾಕಿದ್ದು ಅಂತ ಗೊತ್ತಾಗುವುದಿಲ್ವಾ?" ಎಂದು ಕೆಲವರು ಕೇಳುವುದುಂಟು. ಮತಪತ್ರ ಇರುವುದು ಒಳಗಿನ ಸಣ್ಣ ಲಕೋಟೆಯಲ್ಲಿ. ಹೆಸರು, ಸಹಿ ಇರುವ ಘೋಷಣಾ ಪತ್ರ ಬೇರೆ. ಎರಡನ್ನೂ ಹೊರಗಿನ ದೊಡ್ಡ ಲಕೋಟೆಗೆ ಹಾಕುತ್ತಾರೆ. ಎಣಿಕೆಯ ದಿನ ಮೊದಲು ಘೋಷಣೆ ನೋಡಿ, ಸರಿ ಇದ್ದರೆ ಅದನ್ನು ಬದಿಗಿಟ್ಟ ಮೇಲೆಯೇ ಸಣ್ಣ ಲಕೋಟೆ ಒಡೆಯುವುದು. ಗುಟ್ಟು ಬಯಲು ಮಾಡಿದ ಸಿಬ್ಬಂದಿಗೆ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 128ನೇ ಕಲಮಿನಲ್ಲಿ 3 ತಿಂಗಳವರೆಗೆ ಜೈಲು ಉಂಟು.

ಹಾಗಾಗಿ ನಮಗೆ ಹೆದರಿಕೆ ಲಕೋಟೆಯದ್ದಲ್ಲ, ನಮ್ಮದೇ ಚಾವಡಿಯದ್ದು. ಮಗ, ಅಳಿಯ, ಪಕ್ಷದ ಪರಿಚಯಸ್ಥ ಮಂಚದ ಹತ್ತಿರವೇ ನಿಂತರೆ ಆ ಜೀವ ಏನು ಮಾಡಬೇಕು? ನಾಳೆ ಊಟ, ಔಷಧಿ ಕೊಡುವವರು ಅವರೇ ಅಲ್ವಾ. ಕಣ್ಣು ಕಾಣದಿದ್ದರೆ, ಕೈಯಲ್ಲಿ ಆಗದಿದ್ದರೆ ವಯಸ್ಕರೊಬ್ಬರ ಸಹಾಯ ಪಡೆಯಬಹುದು. ಆದರೆ ಅದು ಯಾರು ಅಂತ ಹೇಳಬೇಕಾದ್ದು ಉಮ್ಮ. ಅವರಿಗೆ ಸೊಸೆಯ ಮೇಲೆಯೇ ಹೆಚ್ಚು ನಂಬಿಕೆ ಇರಬಹುದು! ಉಳಿದವರು ಅಂಗಳದಲ್ಲಿ ನಿಲ್ಲಲಿ, ಮೊಬೈಲೂ ಅವರೊಟ್ಟಿಗೆ ಹೊರಗೇ ಇರಲಿ.

ಗಲ್ಫಿನಲ್ಲಿರುವ ನಮ್ಮ ಮಕ್ಕಳಿಗೆ ಅಂಚೆ ಮತ ಇಲ್ಲ, ಊರಿಗೆ ಬಂದು ಬೂತಿನಲ್ಲೇ ಹಾಕಬೇಕು. ಆ ಉಮ್ಮನ ಕಿರಿಮಗನೂ ಅಲ್ಲೇ ಇರುವುದು. ಸಂಜೆ ವಿಡಿಯೋ ಕಾಲ್ ಮಾಡಿ, "ಉಮ್ಮಾ, ಯಾರಿಗೆ ಹಾಕಿದ್ದು?" ಅಂತ ಕೇಳಿದ.

"ಹಾಕಿದೆ ಮಗಾ. ನಿನ್ನ ಊಟ ಆಯ್ತಾ?" ಅಂದರು ಉಮ್ಮ.