ಕರಂಡೆಯ ಬುಟ್ಟಿಗೊಂದು ಜಾಗ ಬೇಕು

ಏಪ್ರಿಲ್ ಅರ್ಧ ಕಳೆಯಿತೆಂದರೆ ಮುಂಬಯಿ ಬಳಿಯ ಠಾಕುರ್ಲಿ, ಡೊಂಬಿವಲಿ, ಕಲ್ಯಾಣದ ಪೇಟೆಬೀದಿಗಳಲ್ಲಿ ಎಲೆದೊನ್ನೆಗಳು ಕಾಣಿಸಿಕೊಳ್ಳುತ್ತವೆ. ಒಳಗೆ ಗೋಲಿ ಗಾತ್ರದ, ಕಪ್ಪಿಗೆ ತಿರುಗಿದ ನೇರಳೆ ಬಣ್ಣದ ಹಣ್ಣು. ಮರಾಠಿಯಲ್ಲಿ ಅದು ಕರವಂದ, ಮುದ್ದಿಗೆ ‘ಡೊಂಗರಚೀ ಕಾಳೀ ಮೈನಾ’. ಕರಾವಳಿಯಿಂದ ಬಂದು ಇಲ್ಲಿ ನೆಲೆ ನಿಂತ ತುಳು-ಕನ್ನಡಿಗರಿಗೆ ಊರಿನ ಪದವಿನ ಕರಂಡೆ, ಉತ್ತರ ಕನ್ನಡದವರಿಗೆ ಕವಳೆ. ತಿಂದ ಮೇಲೆ ತುಟಿಗೆ ಹತ್ತುವ ಅಂಟು ಮಾತ್ರ ಎಲ್ಲರಿಗೂ ಒಂದೇ.

ಮಾರುವವರು ಹೆಚ್ಚಾಗಿ ಠಾಕರ್, ಕಾತಕರಿ ಆದಿವಾಸಿ ಹೆಂಗಸರು. ಮುರಬಾಡ, ಶಹಾಪುರ, ಕರ್ಜತ್ ಕಡೆಯ ಗುಡ್ಡಗಳಿಂದ ಬುಟ್ಟಿ ಹೊತ್ತು ಬರುತ್ತಾರೆ. ಈ ಹಣ್ಣು ಬಿಡಿಸುವುದು ಮಕ್ಕಳಾಟವಲ್ಲ. ಗಿಡದ ಮೈತುಂಬ ಜೋಡಿಮುಳ್ಳು. ತೊಟ್ಟು ಮುರಿದ ಕೂಡಲೇ ಬಿಳಿ ಹಾಲು ಒಸರಿ ಬೆರಳಿಗೆ ಮೆತ್ತುತ್ತದೆ. ಒಂದೊಂದನ್ನೇ ಕೈಯಲ್ಲಿ ಕೀಳಬೇಕು.

ಲಿನೇಯಸ್ 1767ರಲ್ಲಿ ‘ಕ್ಯಾರಿಸಾ ಕರಂಡಾಸ್’ ಎಂದು ಹೆಸರಿಟ್ಟ ಈ ಪೊದೆ ಕಣಗಿಲೆಯ ಕುಟುಂಬಕ್ಕೆ ಸೇರಿದ್ದು. ಮುರಕಲ್ಲಿನ ಸಂದಿಯಲ್ಲೂ ಬೇರೂರಿ, ಬೇಸಿಗೆಯಲ್ಲೂ ಹಸಿರಾಗಿರುತ್ತದೆ. ಪಿಕಳಾರಗಳು ಹಣ್ಣು ತಿಂದು ಬೀಜ ಹರಡುತ್ತವೆ. ಬ್ರಿಟಿಷರು ಉಪ್ಪಿನ ಕಳ್ಳಸಾಗಣೆ ತಡೆಯಲು ಉತ್ತರ ಭಾರತದಲ್ಲಿ ಬೆಳೆಸಿದ, 1879ರಲ್ಲಿ ಕೈಬಿಟ್ಟ ಆ ದೈತ್ಯ ಮುಳ್ಳುಬೇಲಿಯಲ್ಲೂ ಕರಂಡೆಯಿತ್ತು. ಬೇಕರಿ ಕೇಕಿನ ಮೇಲಿನ ಕೆಂಪು ‘ಚೆರ‍್ರಿ’ ಎಷ್ಟೋ ಸಲ ಸಕ್ಕರೆಪಾಕದಲ್ಲಿ ಅದ್ದಿ ಬಣ್ಣ ಬಳಿದ ಕರಂಡೆಯೇ!

ಇಂಥ ಗಿಡವನ್ನು ‘ಕುರುಚಲು’ ಎಂದು ಸವರಿ ಹಾಕುವುದು ಶುದ್ಧ ಅವಿವೇಕ. ಗುಡ್ಡದ ಒಣಹುಲ್ಲಿಗೆ ಬೆಂಕಿ ಬೀಳುವುದೂ ಕರಂಡೆ ಹೂಬಿಟ್ಟು ಕಾಯಿ ಕಟ್ಟುವ ಹೊತ್ತಿನಲ್ಲೇ. ಮರ ಕಡಿದರೆ ಕೂಗೇಳುತ್ತದೆ, ಪೊದೆ ಕಿತ್ತರೆ ಕೇಳುವವರಿಲ್ಲ. ಸಸಿ ನೆಡುವ ಉತ್ಸಾಹಿಗಳು ಗುಂಡಿ ತೋಡುವ ಮುನ್ನ ಅಲ್ಲಿ ಆಗಲೇ ಏನು ಬೆಳೆದಿದೆಯೆಂದು ಬಗ್ಗಿ ನೋಡಲಿ.

ಗಿಡ ಉಳಿದರೆ ಸಾಲದು, ಬುಟ್ಟಿ ಇಳಿಸಲು ನೆಲ ಬೇಕು. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನ ಸಂಗ್ರಹಿಸಿ ಮಾರುವ ಹಕ್ಕನ್ನು ಆದಿವಾಸಿಗಳಿಗೆ ಕೊಟ್ಟಿದೆ. ಆದರೆ ಮಾರಲು ರೈಲು ನಿಲ್ದಾಣದ ಬಳಿ ಬಂದರೆ ಕಾನೂನು ಬೇರೆ: ಪರವಾನಗಿ ಇಲ್ಲದೆ ರೈಲ್ವೆ ಜಾಗದಲ್ಲಿ ಮಾರುವುದು 1989ರ ರೈಲ್ವೆ ಕಾಯ್ದೆಯ ಪ್ರಕಾರ ಅಪರಾಧ. ಮುಂಬಯಿಯ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಕಾಲ್ತುಳಿತದ ಬಳಿಕ, 2017ರಲ್ಲಿ, ನಿಲ್ದಾಣದ 150 ಮೀಟರ್ ಒಳಗೆ ಬೀದಿ ವ್ಯಾಪಾರ ಸಲ್ಲದೆಂದು ಬಾಂಬೆ ಹೈಕೋರ್ಟ್ ಹೇಳಿತು. ಜನದಟ್ಟಣೆಯ ಭಯ ಸುಳ್ಳಲ್ಲ. ಆದರೆ ವರ್ಷವಿಡೀ ಅಂಗಡಿ ಹೂಡುವವರನ್ನೂ ಮಳೆ ಹಿಡಿಯುವವರೆಗೆ ಮಾತ್ರ ಬಂದುಹೋಗುವ ಕಾತಕರಿ ಹೆಂಗಸನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

2014ರ ಬೀದಿ ವ್ಯಾಪಾರಿಗಳ ಕಾಯ್ದೆಯಡಿ ಜಾಗ ಗುರುತಿಸುವ ಸಮಿತಿಗಳಿಗೆ ಅವಕಾಶವಿದೆ. ಕಲ್ಯಾಣ-ಡೊಂಬಿವಲಿ ಮಹಾನಗರಪಾಲಿಕೆ ಆ 150 ಮೀಟರ್ ಗೆರೆಯಾಚೆ, ನೆರಳಿರುವ ಕಡೆ, ಏಪ್ರಿಲ್‌ನಿಂದ ಜೂನ್‌ವರೆಗೆ ಕಾಡುಹಣ್ಣು ಮಾರುವವರಿಗೆ ನಾಲ್ಕು ಮಾರು ಜಾಗ ಬಿಟ್ಟುಕೊಡಲಿ. ಕೊಳ್ಳುವವರೂ ಹತ್ತು ರೂಪಾಯಿಗೆ ಚೌಕಾಸಿ ಮಾಡದಿರಲಿ.